ಹನ್ನೊಂದನೆಯ ಸೂಜಿ

ಟೈಲರಮ್ಮನ ಗಂಡನ ಹೊಟ್ಟೆ ಹದಿನೆಂಟು ವರ್ಷ ಟೈಲರಮ್ಮನ ಸುಪರ್ದಿಯಲ್ಲೇ ಇತ್ತು. ಅವನು ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವವನು. ಯಾವ ಬೀದಿಯಲ್ಲಿ ಯಾರ ಮನೆಯ ಪಾಯಿಖಾನೆ ಕೇಳಬಹುದು, ಯಾರು ಮುಖ ಸಿಂಡರಿಸುತ್ತಾರೆ ಎಂಬುದು ಅವನಿಗಿಂತ ಅವಳಿಗೇ ಬಾಯಿಪಾಠ. ಡಾಕ್ಟರು ಇದನ್ನು ಐಬಿಎಸ್ ಎಂದಿದ್ದರು: ಕರುಳಿನಲ್ಲಿ ಹುಣ್ಣಿಲ್ಲ, ಗಾಯವಿಲ್ಲ, ಸುಮ್ಮಸುಮ್ಮನೆ ಕೆರಳುತ್ತದೆ. ಅನ್ನ ಮೆತ್ತಗೆ ಬೇಯಿಸಿದ್ದು, ಹಾಲು ನಿಲ್ಲಿಸಿದ್ದು, ಹೋದಲ್ಲೆಲ್ಲ ಬಾಗಿಲ ಹತ್ತಿರದ ಕುರ್ಚಿ ಹಿಡಿದಿಟ್ಟಿದ್ದು ಎಲ್ಲ ಅವಳೇ. "ನೀನೂ ಬಾರೆ, ಧೈರ್ಯ ಇರುತ್ತೆ" ಎನ್ನದೆ ಅವನು ಊರು ದಾಟಿದವನಲ್ಲ.

ಈಗ ಆಕ್ಯುಪಂಕ್ಚರ್ ಡಾಕ್ಟರಮ್ಮ ಒಬ್ಬಳು ಗಂಟುಬಿದ್ದಿದ್ದಳು. ಐದು ಸಲ ಸೂಜಿ ಚುಚ್ಚಿಸಿಕೊಂಡವನು ಕಳೆದ ಭಾನುವಾರ ಒಬ್ಬನೇ ಬಸ್ಸು ಹತ್ತಿ ತನ್ನ ಅಕ್ಕನ ಮನೆಗೆ ಹೋಗಿ ಬಂದ. "ಎಲ್ಲ ಡಾಕ್ಟರಮ್ಮನ ಕೈಗುಣ ಕಣೆ" ಎಂದ. ಕೈಗುಣವಂತೆ. ಬದುಕಿಡೀ ಸೂಜಿ ಹಿಡಿದವಳ ಮುಂದೆ ಆಡುವ ಮಾತೇ ಇದು? ಅವನು ಗುಣವಾದದ್ದಕ್ಕೆ ಸಂತೋಷಪಡಬೇಕೆಂದು ಟೈಲರಮ್ಮನಿಗೆ ಗೊತ್ತಿತ್ತು. ಆದರೆ ಆದದ್ದು ಹೊಟ್ಟೆಕಿಚ್ಚು.

ಆರನೆಯ ಸಲ ತಾನೂ ಹೊರಟಳು. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಮೆಲುಮಾತಿನವಳು. ಅದೂ ಒಂದು ತಪ್ಪಾಗಿ ಕಂಡಿತು.

"ಎಲ್ಲರಿಗೂ ಇದು ಹಿಡಿಯುತ್ತೆ ಅಂತ ನಾನು ಹೇಳಲ್ಲಮ್ಮ. ಇವರಿಗೆ ಹಿಡಿದಿದೆ" ಎಂದಳು.

ಬಟ್ಟೆಗೆ ಚುಚ್ಚಿದ ಗುಂಡುಪಿನ್ನುಗಳನ್ನು ಎಣಿಸಿ ತೆಗೆಯದೆ ಟೈಲರಮ್ಮ ಯಾವ ಗಿರಾಕಿಗೂ ಬಟ್ಟೆ ಕೊಟ್ಟವಳಲ್ಲ. ಇಲ್ಲೂ ಅದೇ ಚಾಳಿ. ಕಾಲಿಗೆ ನಾಲ್ಕು, ಕೈಗೆ ಎರಡು, ಹೊಟ್ಟೆಗೆ ನಾಲ್ಕು, ನೆತ್ತಿಗೆ ಒಂದು. ಅರ್ಧ ಗಂಟೆಯ ಮೇಲೆ ಡಾಕ್ಟರಮ್ಮ ಒಂದೊಂದೇ ಕಿತ್ತು ಸ್ಟೀಲ್ ತಟ್ಟೆಗೆ ಹಾಕುತ್ತಿದ್ದಾಗ ಫೋನು ಬಂತು. ತಟ್ಟೆಗೆ ಬಿದ್ದದ್ದು ಹತ್ತೇ. ನೆತ್ತಿಯದು ಕೂದಲಲ್ಲೇ ಉಳಿಯಿತು. ಟೈಲರಮ್ಮ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಅವನ ತಲೆ ಸೀಟಿಗೆ ಒರಗದಂತೆ ಮಾತ್ರ ದಾರಿಯುದ್ದಕ್ಕೂ ನೋಡಿಕೊಂಡಳು.

ಮನೆಗೆ ಬಂದು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದಳು. "ನೋಡಿ, ನಿಮ್ಮ ಡಾಕ್ಟರಮ್ಮನ ಕೈಗುಣ."

ಅವನ ಮುಖ ಬಿಳಿಚಿಕೊಂಡಿತು. "ಇನ್ನು ಆ ಕಡೆ ತಲೆ ಹಾಕಿ ಮಲಗಲ್ಲ" ಎಂದ. ಆ ದಿನವೆಲ್ಲ ಅವಳ ಹೊಲಿಗೆ ಮಿಷನ್ನು ಜೋರಾಗಿ ಓಡಿತು.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವನು ಹೊಟ್ಟೆ ಹಿಡಿದುಕೊಂಡು ಮೂರು ಸಲ ಒಳಗೆ ಹೋಗಿ ಬಂದ. ಹೊಸ್ತಿಲಲ್ಲಿ ನಿಂತು ಸಣ್ಣ ದನಿಯಲ್ಲಿ, "ನೀನೂ ಬಾರೆ, ಧೈರ್ಯ ಇರುತ್ತೆ" ಎಂದ.

ಅವಳು ಕಾಯುತ್ತಿದ್ದದ್ದು ಇದೇ ಮಾತಿಗೆ. ಕೇಳಿದ್ದೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಳತೆ ಟೇಪು ಕೊರಳಲ್ಲಿರುವಂತೆಯೇ ಅವನನ್ನು ಡಾಕ್ಟರಮ್ಮನ ಬಳಿಗೆ ಕರೆದೊಯ್ದು, ಅಂದು ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟಿದ್ದ ಸೂಜಿ ತೆಗೆದು ಮೇಜಿನ ಮೇಲಿಟ್ಟಳು.

"ನೀವು ಇವರ ನೆತ್ತೀಲಿ ಮರೆತಿದ್ದು. ನಾನು ಆಗಲೇ ನೋಡಿದ್ದೆ. ಬೇಕಂತಲೇ ಹೇಳಲಿಲ್ಲ."

ಡಾಕ್ಟರಮ್ಮ ಸೂಜಿಯನ್ನು ಹತ್ತಿಯಲ್ಲಿ ಸುತ್ತಿ ಬದಿಗಿಟ್ಟಳು. "ತಪ್ಪು ನನ್ನದು. ಇನ್ಮೇಲೆ ತೆಗೆಯುವಾಗ ನೀವೇ ಎಣಿಸಿಬಿಡಿ ಅಮ್ಮ."

"ಬೇಡ" ಎಂದ ಗಂಡ, ಹೆಂಡತಿಯ ಮುಖ ನೋಡದೆ. "ಅವಳು ಹೊರಗಿರಲಿ."

ಟೈಲರಮ್ಮ ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗೆ ಅವರಿಬ್ಬರೇ. ಹೊಟ್ಟೆ ಮತ್ತೆ ಉರಿಯಿತು, ಈ ಸಲ ಯಾರನ್ನೂ ಬೈಯಲು ಬಾಯಿರಲಿಲ್ಲ. ಅರ್ಧ ಗಂಟೆಯ ಮೇಲೆ ಪರದೆಯಾಚೆ ತಟ್ಟೆಯ ಸಣ್ಣ ಸದ್ದು ಶುರುವಾಯಿತು. ಬೆರಳು ಮಡಿಸಿ ಎಣಿಸಿದಳು. ಹನ್ನೊಂದನೆಯದು ಬಿದ್ದ ಮೇಲೆ ಎದ್ದು, ಅವನ ಚಪ್ಪಲಿ ಮೆಟ್ಟಲು ಅನುಕೂಲವಾಗುವಂತೆ ತಿರುಗಿಸಿಟ್ಟಳು.