ತರ್ಕದ ಮಾಸ್ತರರ ಉಪವಾಸ

ನನ್ನ ಯಜಮಾನರು ರಾಣೇಬೆನ್ನೂರಿನ ಕಾಲೇಜಿನಲ್ಲಿ ಲಾಜಿಕ್ ಕಲಿಸಿ ರಿಟೈರ್ ಆದವರು. ರಿಟೈರ್ ಆದದ್ದು ಕಾಲೇಜಿನಿಂದ ಮಾತ್ರ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದರೂ ಕಾರಣ ಸಮೇತ ಸಿದ್ಧಮಾಡಿ ತೋರಿಸುವವರು. ಹೋದ ವರ್ಷ ಅದೇ ಲಾಜಿಕ್ಕನ್ನು ತಮ್ಮ ಆತ್ಮದ ಮೇಲೆಯೇ ಪ್ರಯೋಗಿಸಿಬಿಟ್ಟರು.

ನಮ್ಮ ಪುಟ್ಟ ಕ್ರೈಸ್ತ ಸಭೆಗೆ ತಿಂಗಳಿಗೊಮ್ಮೆ ಹಾವೇರಿಯಿಂದ ಪಾಸ್ಟರು ಬಸ್ಸಿನಲ್ಲಿ ಬಂದು ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರೆ. ಹಾಗೆ ಬಂದ ಒಂದು ಭಾನುವಾರ ಅವರು, ಲೋಕ ಹುಟ್ಟುವ ಮೊದಲೇ ದೇವರು ತನ್ನವರನ್ನು ಆರಿಸಿಕೊಂಡಿದ್ದಾನೆ, ನಂಬಿಕೆಯನ್ನೂ ಅವನೇ ಕೊಡುತ್ತಾನೆ ಎಂದು ಪ್ರಸಂಗ ಮಾಡಿದರು. ಎಲ್ಲರೂ ಆಮೆನ್ ಎಂದು ಮನೆಗೆ ಹೋಗಿ ಉಂಡರು. ನಮ್ಮವರಿಗೆ ತುತ್ತು ಇಳಿಯಲಿಲ್ಲ.

"ಆರಿಸಿಕೊಂಡವರಿಗೆ ನಂಬಿಕಿ ಇರ್ತದ. ನನ್ನೊಳಗ ಹುಡುಕಿದ್ರ ಬರೇ ಆರ್ಗ್ಯುಮೆಂಟ್ ಸಿಗ್ತದ, ನಂಬಿಕಿ ಸಿಗವಲ್ದು. ದೇರ್‌ಫೋರ್..." ಎಂದು ಅಲ್ಲಿಗೇ ನಿಲ್ಲಿಸಿದರು.

ದೇವರು ಆರಿಸದವನಿಗೆ ಆ ಭೋಜನದ ಹಕ್ಕಿಲ್ಲವೆಂದು, ಮುಂದಿನ ತಿಂಗಳಿಂದ ರೊಟ್ಟಿ, ದ್ರಾಕ್ಷಾರಸ ಕೊಡುವಾಗ ಬೆಂಚಿನಲ್ಲೇ ಕೂತಿರತೊಡಗಿದರು. ಶುಗರ್ ಹೆಚ್ಚಾಗಿರಬೇಕೆಂದು ಸಭೆಯವರು ಅಂದುಕೊಂಡರು. ನಾನೂ ತಿದ್ದಲಿಲ್ಲ. ಆದರೆ ಅವರನ್ನು ಹಿಂದೆ ಬಿಟ್ಟು ಹೋಗಿ ಮೊಣಕಾಲೂರುವಾಗ, ಆ ಲೋಕಕ್ಕೂ ಹೀಗೆ ಒಬ್ಬಳೇ ಹೋಗಬೇಕೇನೋ ಎಂದು ಹೆದರುತ್ತಿದ್ದೆ.

ನಮ್ಮಲ್ಲಿ ದ್ರಾಕ್ಷಾರಸ ಅಂಗಡಿಯಿಂದ ಬರುವುದಿಲ್ಲ. ಒಣದ್ರಾಕ್ಷಿ ನೆನೆಸಿ, ಕುದಿಸಿ, ಬಟ್ಟೆಯಲ್ಲಿ ಸೋಸುತ್ತೇವೆ. ಅದಕ್ಕೆ ಮನೆಮನೆಗೆ ಸರದಿ. ನಮ್ಮ ಸರದಿಯ ಶನಿವಾರ ಸೋಸಲು ಅವರೇ ಕೂತರು. ಸೋಸಿದ್ದನ್ನೇ ಮತ್ತೆ ಸೋಸುತ್ತಿದ್ದರು. ಅಷ್ಟರಲ್ಲಿ ಮಗ್ಗುಲ ಮನೆಯ ಸೊಸೆ, ಬ್ಯಾಡಗಿಯ ತವರಿನಿಂದ ತಂದ ಖಾರಪುಡಿ ಕೊಡಲು ಬಂದಳು. ಅವಳ ಮನೆದೇವರು ಕದರಮಂಡಲಗಿಯ ಆಂಜನೇಯ. ಸಲಿಗೆ ಮಾತ್ರ ನಮ್ಮ ದೇವರೊಂದಿಗೂ ಇದೆ.

"ಸರ, ನೀವಂತೂ ಕುಡಿಯಂಗಿಲ್ಲಂತ. ಮತ್ತ ಈ ಪರಿ ಯಾಕ ಸೋಸಾಕತ್ತೀರಿ?"

"ಮಂದಿ ಕುಡೀತಾರಲ್ಲವ್ವಾ. ಬೀಜದ ಚೂರು ಬರಬಾರದು," ಎಂದು, ಜೊತೆಗೆ ದೇವರು ಮೊದಲೇ ಆರಿಸಿಕೊಳ್ಳುವುದರ ಬಗ್ಗೆ ಒಂದು ಲೆಕ್ಚರನ್ನೂ ಕೊಟ್ಟರು.

"ಅಂದ್ರ ನಮ್ಮ ಹಣೇಬರಹ ಇದ್ದಂಗ!"

"ಅಲ್ಲ. ಹಣೇಬರಹ ಬರದವಗ ನಿನ್ನ ಮ್ಯಾಲ ಪ್ರೀತಿ ಇರಬೇಕಂತಿಲ್ಲ. ಇಲ್ಲಿ ಪ್ರೀತಿನ ಮೊದಲು."

"ಅಷ್ಟು ಪ್ರೀತಿ ಐತಿ ಅಂತೀರಿ, ಮತ್ತ ಬೀಗರ ಮನ್ಯಾಗ ಮುನಿಸ್ಕೊಂಡ ಅಳಿಯನಂಗ ನೀವ್ಯಾಕ ಕುಂತೀರಿ?"

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ. ಆದರೆ ಅವಳು ಹೋದ ಮೇಲೆ ಅವರ ಮುಖ ಮತ್ತೆ ಸಣ್ಣದಾಯಿತು.

ನಾನು ಓದಿದ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಇಂಥ ಪ್ರಶ್ನೆಗೆಲ್ಲ "ಇಟ್ ಈಸ್ ಎ ಮಿಸ್ಟರಿ, ಚೈಲ್ಡ್" ಎಂದು ತೆರೆ ಎಳೆಯುತ್ತಿದ್ದರು. ಆಗ ಅದು ಜಾರಿಕೊಳ್ಳುವ ಉಪಾಯವೆನಿಸುತ್ತಿತ್ತು. ಈಗ ಹಾಗೆನಿಸುವುದಿಲ್ಲ. ಬುದ್ಧಿಯೂ ದೇವರೇ ಹಚ್ಚಿಟ್ಟ ದೀಪ, ನಿಜ. ಆದರೆ ತನ್ನ ಬುಡದಲ್ಲಿರುವುದನ್ನು ಯಾವ ದೀಪ ಕಂಡಿದೆ?

"ನಿಮ್ಮ ಸೆಕೆಂಡ್ ಪ್ರೆಮಿಸ್ಸೇ ತಪ್ಪದ," ಎಂದೆ. "ನಂಬಿಕಿ ಇದ್ರ ಅದು ನಿಮ್ಮ ಕಣ್ಣಿಗೆ ಬೀಳಲಿಕ್ಕೇ ಬೇಕು ಅಂತ ಯಾರು ಹೇಳಿದ್ರು? ಇಲ್ಲ ಅಂತ ಇಷ್ಟು ಸಂಕಟ ಪಡ್ತೀರಲ್ಲ, ಬ್ಯಾಡಾದ್ದಕ್ಕ ಯಾರರ ಸಂಕಟ ಪಡ್ತಾರೇನು?"

"ಅದು ಪ್ರೂಫ್ ಅಲ್ಲ."

"ಅಲ್ಲ ಬಿಡ್ರಿ," ಎಂದು ಬಟ್ಟೆ ಹಿಂಡಿ ಒಣಹಾಕಿದೆ.

ಮರುದಿನ ಪಾಸ್ಟರು ಎಲ್ಲರನ್ನೂ ಭೋಜನಕ್ಕೆ ಕರೆದರು. ನಾನು ಹೆಂಗಸರ ಸಾಲಿನಲ್ಲಿ ಮೊಣಕಾಲೂರಿ ಕಣ್ಣು ಮುಚ್ಚಿದ್ದೆ. ಪಕ್ಕದಲ್ಲಿ ಯಾರೋ ಧೊಪ್ಪನೆ ಮೊಣಕಾಲೂರಿದರು. ನೋಡಿದರೆ ಅವರು! ಗಂಡಸರು ಊರುವುದು ಆ ಬದಿಗೆ. ಗಡಿಬಿಡಿಯಲ್ಲಿ ಈ ಬದಿಗೆ ಬಂದುಬಿಟ್ಟಿದ್ದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಪಾಸ್ಟರು ಒಂದು ಗಳಿಗೆ ತಡೆದು, ಅವರ ಅಂಗೈಯಲ್ಲಿ ರೊಟ್ಟಿಯ ಚೂರನ್ನಿಟ್ಟರು.

"ಪ್ರೂಫ್ ಸಿಕ್ತೇನ್ರಿ?" ಎಂದು ಪಿಸುಗುಟ್ಟಿದೆ.

"ಇಲ್ಲ. ಕರದ್ರು, ಬಂದೆ."

ಏಳಲು ಅವರ ಮೊಣಕಾಲು ಒಪ್ಪಲಿಲ್ಲ. ನನ್ನ ಭುಜ ಹಿಡಿದರು. ನನ್ನ ಮೊಣಕಾಲೂ ಅಷ್ಟಕ್ಕಷ್ಟೇ. ಹಿಂದಿನ ಸಾಲಿನವರು ಕಾದು ನಿಂತರು. ಯಾರೂ ಅವಸರ ಮಾಡಲಿಲ್ಲ.