ಸಗುಣಾತಾಈ ಕೇಳಿ ಪಡೆದ ಮಧ್ಯಾಹ್ನ

ಆ ಕ್ವೇಸಾರಿನ ಕಡೆಗೆ ಸಗುಣಾತಾಈ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಂಟೆನಾಗಳನ್ನು ತಿರುಗಿಸಿದರು. ಅದನ್ನೇ ನೋಡಬೇಕೆಂದು ತಿರುಗಿಸಿದ್ದು ಒಂದು ಮಧ್ಯಾಹ್ನ ಮಾತ್ರ.

ಖೋಡದ್ ಎಂಬ ಹಳ್ಳಿಯ ಸುತ್ತಿನ ಹೊಲಗಳಲ್ಲಿ ನಿಂತಿರುವ ಮೂವತ್ತು ಆಂಟೆನಾಗಳು ಸೇರಿ ಒಂದು ರೇಡಿಯೋ ದೂರದರ್ಶಕ. ಅವು ಒಟ್ಟಿಗೆ ಕೇಳಬೇಕಾದರೆ ಒಂದಕ್ಕೊಂದು ಹೊಂದಿಕೊಂಡಿರಬೇಕು. ಆ ಹೊಂದಿಕೆ ಬಹಳ ಹೊತ್ತು ನಿಲ್ಲುವುದಿಲ್ಲ. ಬಿಸಿಲೇರಿದರೆ ಉಪಕರಣಗಳ ಅಳತೆ ಜರುಗುತ್ತದೆ, ಮೇಲಿನ ವಾತಾವರಣ ಅಲುಗುತ್ತದೆ. ಹಾಗಾಗಿ ಅರ್ಧ ಗಂಟೆಗೊಮ್ಮೆ, ನೋಡುತ್ತಿರುವುದನ್ನು ಬಿಟ್ಟು, ಆಕಾಶದಲ್ಲಿ ಅದರ ಹತ್ತಿರವೇ ಕಾಣುವ, ಚೆನ್ನಾಗಿ ಗೊತ್ತಿರುವ ಒಂದು ಗುರುತಿನ ಕಡೆಗೆ ಎಲ್ಲ ಆಂಟೆನಾಗಳನ್ನೂ ತಿರುಗಿಸಿ, ಅದರಿಂದ ಅಳತೆ ಸರಿಪಡಿಸಿಕೊಂಡು ಹಿಂದಿರುಗಬೇಕು. ಗುರುತಿಗೆ ಎರಡು ಗುಣ ಬೇಕು. ಅದರ ಪ್ರಖರತೆ ಬದಲಾಗಬಾರದು. ಮತ್ತು ಅದು ಒಂದೇ ಚುಕ್ಕೆಯಾಗಿರಬೇಕು, ಅಕ್ಕಪಕ್ಕ ಏನೂ ಇರಬಾರದು.

ಈ ಕ್ವೇಸಾರ್ ಅಂಥ ಒಂದು ಗುರುತು. ಹೆಸರೆಂದರೆ ಆಕಾಶದಲ್ಲಿ ಅದರ ಜಾಗ ಹೇಳುವ ಕೆಲವು ಅಂಕಿಗಳು, ಅಷ್ಟೆ. ಈಗ ನಮಗೆ ಕೇಳಿಸುವ ಅದರ ಅಲೆಗಳು ಅಲ್ಲಿಂದ ಹೊರಟಾಗ ಭೂಮಿ ಹುಟ್ಟಿರಲಿಲ್ಲ. ದೂರದ ಗೆಲಾಕ್ಸಿಯೊಂದರ ನಡುವೆ ಒಂದು ಕಪ್ಪುಕುಳಿ; ಅದರೊಳಗೆ ಬೀಳುವ ವಸ್ತು ಬೀಳುವ ಮುನ್ನ ಕಾದು ಉರಿಯುತ್ತದೆ; ಆ ಉರಿಯೇ ಕ್ವೇಸಾರ್. ಅಂಥ ಹತ್ತರಲ್ಲಿ ಒಂದು ಮಾತ್ರ ರೇಡಿಯೋ ಅಲೆಗಳಲ್ಲಿ ಗಟ್ಟಿಯಾಗಿ ಕೂಗುತ್ತದೆ. ಹಾಗೆ ಕೂಗುವವು ಸಾಮಾನ್ಯವಾಗಿ ಎರಡೂ ಬದಿಗೆ ವಸ್ತುವನ್ನು ಉಗುಳಿರುತ್ತವೆ. ಅದು ಬಹುದೂರ ಹೋಗಿ ಮೋಡದಂತೆ ಹರಡಿಕೊಂಡಿರುತ್ತದೆ. ಈ ಕ್ವೇಸಾರು ಗಟ್ಟಿಯಾಗಿ ಕೂಗುತ್ತಿತ್ತು, ಆದರೆ ಸುತ್ತ ಯಾವ ಮೋಡವೂ ಕಂಡಿರಲಿಲ್ಲ. ಕಂಡಿರಲಿಲ್ಲ ಎಂಬುದೇ ಅದರ ಯೋಗ್ಯತೆ.

ಸಗುಣಾತಾಈ ಆಪರೇಟರು. ವಿಜ್ಞಾನಿಗಳು ಊರೂರಿಂದ ಬಂದು ತಮಗೆ ಬೇಕಾದದ್ದನ್ನು ನೋಡಿ ಹೋಗುತ್ತಾರೆ. ಪಾಳಿಯ ಮೇಲೆ ಕೂತು ಆಂಟೆನಾ ನಡೆಸುವವರು ಇವರು. ತಾಈ ಹುಟ್ಟಿದ್ದು ಊರೂರು ತಿರುಗಿ ಹಾಡಿ ಕುಣಿಯುವ ತಮಾಷಾ ಕಂಪನಿಯ ಡೇರೆಯಲ್ಲಿ. ತಾಯಿ ಚಂದ್ರಾಬಾಈ ಲಾವಣಿಗೆ ಕುಣಿಯುತ್ತಿದ್ದರು. ಮಗಳ ಕಾಲಿಗೆ ಗೆಜ್ಜೆ ಬೇಡವೆಂದು ಹಾಸ್ಟೆಲಿಗೆ ಸೇರಿಸಿದರು. ಅವಳ ಡಿಪ್ಲೊಮಾ ಮುಗಿಯುವ ತನಕ ಕುಣಿದರು. ಕೆಲಸ ಸಿಕ್ಕ ಮರುವರ್ಷ ತೀರಿಕೊಂಡರು. ತಾಈ ನಾರಾಯಣಗಾಂವದ ಟೊಮ್ಯಾಟೊ ಮಾರ್ಕೆಟ್ಟಿನ ಹಿಂದೆ ಒಂದು ಖೋಲಿ ಹಿಡಿದು ಅಲ್ಲಿಯೇ ಉಳಿದರು.

ಸೇರಿದ ಹೊಸತರಲ್ಲಿ ಸಹೋದ್ಯೋಗಿಯೊಬ್ಬನ ಮದುವೆಗೆ ಹೋಗಿದ್ದರಂತೆ. ಊಟದ ಪಂಕ್ತಿಯಲ್ಲಿ ಪಕ್ಕದ ಅಜ್ಜಿ, ಯಾರ ಮಗಳು ನೀನು ಎಂದು ಅಕ್ಕರೆಯಿಂದಲೇ ಕೇಳಿದಳು. ತಾಈ ತಾಯಿಯ ಹೆಸರು ಹೇಳಿ, ಕಂಪನಿಯ ಹೆಸರನ್ನೂ ಹೇಳಿದರು. ಅಜ್ಜಿ ತನ್ನ ತಾಟನ್ನು ಸ್ವಲ್ಪ ಆಚೆ ಸರಿಸಿಕೊಂಡಳು. ಆಮೇಲೆ ತಾಈ ಮದುವೆಗಳಿಗೆ ಆಹೇರದ ದುಡ್ಡಿನ ಲಕೋಟೆ ಕಳಿಸತೊಡಗಿದರು, ತಾವು ಹೋಗಲಿಲ್ಲ. ಹಬ್ಬದ ದಿನ ಪಾಳಿ ಬದಲಿಸಿಕೊಳ್ಳುವಿರಾ ಎಂದು ಯಾರು ಕೇಳಿದರೂ ಒಪ್ಪುತ್ತಿದ್ದರು. ಕೆಲವು ವರ್ಷಗಳಲ್ಲಿ ಕೇಳುವುದೂ ನಿಂತು, ಹಬ್ಬದ ಪಾಳಿ ತಾಈಯದು ಎಂದಾಯಿತು. ತಾಈಗೆ ಗದ್ದಲ ಸೇರುವುದಿಲ್ಲ, ಒಬ್ಬರೇ ಇರುವುದೇ ಅವರಿಗೆ ಇಷ್ಟ ಎಂದು ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದರು. ಹೊಸಬರು ಹಾಗೆಯೇ ನಡೆದುಕೊಳ್ಳುತ್ತಿದ್ದರು.

ಮೂರು ವರ್ಷದ ಕೆಳಗೆ ಆ ಕ್ವೇಸಾರು ಪ್ರಖರವಾಗತೊಡಗಿತು. ಅಲ್ಲಿ ಕೆಲಸ ಮಾಡುವ ನಾವೆಲ್ಲ ಮೊದಲು ಅಳತೆಯ ತಪ್ಪೆಂದುಕೊಂಡೆವು. ಬೇರೆ ಗುರುತುಗಳೊಡನೆ ಹೋಲಿಸಿದಾಗ ತಪ್ಪು ನಮ್ಮದಲ್ಲ, ಅದೇ ಬದಲಾಗಿದೆ ಎಂದು ಖಚಿತವಾಯಿತು. ಒಡಲೊಳಗಿಂದ ಎಂದೋ ಹೊಸದೇನನ್ನೋ ಉಗುಳಿರಬೇಕು. ಗುರುತುಗಳ ಪಟ್ಟಿ ನೋಡಿಕೊಳ್ಳುವ ವಿಜ್ಞಾನಿ ದುಂಬ್ರೆ ಸರ್, ಕ್ಯಾಂಟೀನಿನಲ್ಲಿ ಪೋಹೆ ತಿನ್ನುತ್ತ, ಬರುವ ಅಕ್ಟೋಬರಿನಿಂದ ಅದನ್ನು ಪಟ್ಟಿಯಿಂದ ತೆಗೆಯುವುದಾಗಿ ಹೇಳಿದರು. ದುಂಬ್ರೆ ಅಲ್ಲೇ ಹತ್ತಿರದ ಜುನ್ನರಿನವರು. ಮಾತು ಒರಟು, ಮನುಷ್ಯ ಒಳ್ಳೆಯವರು.

ಚಹಾ ತುಂಬಿಕೊಳ್ಳಲು ಬಂದಿದ್ದ ತಾಈ ಅಲ್ಲೇ ನಿಂತರು.

“ತಗದ ಮ್ಯಾಲ ಅದನ್ನ ಯಾರ ನೋಡ್ತಾರ್ರಿ ಸರ್?”

“ಯಾರ್ ಯಾಕ ನೋಡಬೇಕ್ರಿ ತಾಈ? ಆಕಾಶದಾಗ ಅದೊಂದ ಏನ್ ಐತಿ?”

“ಅದನ್ನ ನೋಡಿ ಎಲ್ಲಾರ್ದೂ ಸರಿ ಮಾಡ್ಕೊಂಡ್ವಿ. ಅದರದ ಏನು ಅಂತ ಒಬ್ರೂ ಕೇಳಿಲ್ಲ.”

ಇನ್ನೊಬ್ಬ ಆಪರೇಟರು ಔಟೆ ಬೆಂಚಿನಿಂದಲೇ, “ಹಂಗಾರ ನೀವ ಅರ್ಜಿ ಹಾಕ್ರಿ. ವಿಜ್ಞಾನಿ ಸಗುಣಾತಾಈ. ನಾ ಚಾ ತಂದ್ ಕೊಡ್ತೀನಿ,” ಎಂದ. ಎಲ್ಲರೂ ನಕ್ಕರು. ತಾಈಯೂ ನಕ್ಕರು. ನಗು ಮುಗಿದ ಮೇಲೆ, ಆಪರೇಟರು ಅರ್ಜಿ ಹಾಕಬಹುದೇ ಎಂದು ದುಂಬ್ರೆಯವರನ್ನು ಕೇಳಿದರು. ಹಾಕಬಾರದೆಂದು ಎಲ್ಲೂ ಬರೆದಿಲ್ಲ ಎಂದು ದುಂಬ್ರೆ ಸ್ವಲ್ಪ ಯೋಚಿಸಿ ಹೇಳಿದರು.

ಅರ್ಜಿಯ ಇಂಗ್ಲಿಷನ್ನು ತಿದ್ದಿಕೊಟ್ಟದ್ದು, ಅಲ್ಲಿ ರಿಸೀವರುಗಳನ್ನು ನೋಡಿಕೊಳ್ಳುವ ನಾನು. ಮದುವೆಯ ಅಜ್ಜಿಯ ವಿಷಯ ಅವರು ಹೇಳಿದ್ದೂ ಆಗಲೇ, ಪ್ರಿಂಟರು ಕಾಗದ ನುಂಗಿಕೊಂಡು ಕೂತಿದ್ದಾಗ, ಬೇರೆ ಯಾರದೋ ಸುದ್ದಿ ಹೇಳುವಂತೆ. ಅರ್ಜಿಯಲ್ಲಿ ಏನು ಕೇಳಬೇಕೆಂದು ನಾನು ಕೇಳಿದೆ. “ಇಷ್ಟ ದೊಡ್ಡ ದನಿ ಇದ್ದದ್ದು ಒಬ್ಬಂಟಿ ಹ್ಯಾಂಗ ಇರ್ತದ, ಭಾವೂ?” ಎಂದರು, ತಮ್ಮನನ್ನು ಕರೆಯುವಂತೆ. ಅದನ್ನೇ ಶಾಸ್ತ್ರದ ಮಾತಿನಲ್ಲಿ ಬರೆದೆವು. ಉಗುಳಿದ ವಸ್ತು ಹಳತಾದಂತೆ ಮೊದಲು ಹೆಚ್ಚಿನ ಕಂಪನಾಂಕದ ಅಲೆಗಳಲ್ಲಿ ಆರುತ್ತದೆ. ಕಡಿಮೆ ಕಂಪನಾಂಕದ ಅಲೆಗಳಲ್ಲಿ ಬಹುಕಾಲ ಉಳಿಯುತ್ತದೆ. ನಮ್ಮ ಆಂಟೆನಾಗಳು ಕೇಳುವುದು ಆ ಕಡಿಮೆಯವನ್ನೇ. ಆದ್ದರಿಂದ ಪಟ್ಟಿಯಿಂದ ತೆಗೆಯುವ ಮುನ್ನ, ಇದರ ಸುತ್ತ ಹಳೆಯ ಮೋಡವೇನಾದರೂ ಇದೆಯೇ ಎಂದು ಒಮ್ಮೆ ನೋಡಲು ಅವಕಾಶ ಬೇಕು.

ನೋಡುವ ಹೊತ್ತನ್ನು ಹಂಚುವ ಸಮಿತಿ ಒಂದು ಮಧ್ಯಾಹ್ನ ಕೊಟ್ಟಿತು. ಬೇರೆ ಯಾರೂ ಕೇಳದೆ ಉಳಿದಿದ್ದ, ಯುಗಾದಿಯ ದಿನವೇ ಬರುವ ಗುಡಿಪಾಡವಾ ಹಬ್ಬದ ಮಧ್ಯಾಹ್ನ.

ಆ ದಿನ ರಿಸೀವರುಗಳ ಕಡೆ ನನ್ನ ಪಾಳಿ ಇತ್ತು. ಕ್ಯಾಂಟೀನು ಮುಚ್ಚಿತ್ತು. ತಾಈ ಇಸ್ತ್ರಿ ಮಾಡಿದ ಹಸಿರು ಸೀರೆಯುಟ್ಟು, ಡಬ್ಬಿಯಲ್ಲಿ ಭಾಕರಿ ಪಿಠಲೆ ಹಿಡಿದು ಬಂದರು. ಹಬ್ಬದ ಪಾಳಿಯಾದ್ದರಿಂದ ಆಪರೇಟರೂ ಅವರೇ. ವೀಕ್ಷಕರ ಹೆಸರು ಕೇಳಿದ ಕಡೆ ತಮ್ಮ ಹೆಸರನ್ನು ಎರಡು ಬೆರಳಿನಲ್ಲಿ ನಿಧಾನವಾಗಿ ಒತ್ತಿ, ಒಮ್ಮೆ ಓದಿಕೊಂಡರು. ಆಂಟೆನಾಗಳು ತಿರುಗಿದವು. ಪದ್ಧತಿಯಂತೆ ನಡುನಡುವೆ ಇನ್ನೊಂದು ಗುರುತಿನ ಕಡೆಗೂ ತಿರುಗಿಸಿದರು. ಉಳಿದ ಹೊತ್ತೆಲ್ಲ ಆ ಕ್ವೇಸಾರೊಂದೇ. ಕಿಟಕಿಯಾಚೆ ಬಿಸಿಲು ಸುರಿಯುತ್ತಿತ್ತು, ಒಬ್ಬ ಮನುಷ್ಯನೂ ಕಾಣುತ್ತಿರಲಿಲ್ಲ.

ಮುಂದಿನ ವಾರ ತಾಈ ಲೆಕ್ಕ ಮಾಡಿ ನಕ್ಷೆ ತೆಗೆದರು. ಕಪ್ಪು ಹಿನ್ನೆಲೆಯ ಮೇಲೆ ಒಂದು ಬಿಳಿ ಚುಕ್ಕೆ. ಸುತ್ತ ಏನೂ ಇಲ್ಲ. ಬಲು ಚೊಕ್ಕ ನಕ್ಷೆ. ತಾಈ ಅದನ್ನು ದೊಡ್ಡದು ಮಾಡಿ ನೋಡಿದರು, ಚಿಕ್ಕದು ಮಾಡಿ ನೋಡಿದರು. “ಒಂದ ಐತಿ,” ಎಂದು ಕಂಪ್ಯೂಟರು ಮುಚ್ಚಿದರು. ಆಮೇಲೆ ಕ್ಯಾಂಟೀನಿಗೆ ಹೋಗದೆ ಚಹಾವನ್ನು ಕಂಟ್ರೋಲ್ ರೂಮಿಗೇ ತರಿಸಿಕೊಂಡು ಕುಡಿಯುತ್ತಿದ್ದರು.

ಹತ್ತು ದಿನ ಕಳೆದಿರಬಹುದು. ದುಂಬ್ರೆ ಬೇರೆ ಕೆಲಸಕ್ಕೆ ಕಂಟ್ರೋಲ್ ರೂಮಿಗೆ ಬಂದವರು ನಕ್ಷೆ ತೋರಿಸಿ ಎಂದರು. ನೋಡಿ ತಲೆದೂಗಿದರು. ಇಷ್ಟು ಚೊಕ್ಕ ಹೇಗೆ ಬಂತು, ಯಾವುದನ್ನು ಹಿಡಿದು ಅಳತೆ ಸರಿ ಮಾಡಿದಿರಿ ಎಂದು ವಿಚಾರಿಸಿದರು. ಆ ಕ್ವೇಸಾರನ್ನೇ ಹಿಡಿದು, ಎಂದರು ತಾಈ. ಇಪ್ಪತ್ತು ವರ್ಷದ ರೂಢಿ. ಅಷ್ಟು ಪ್ರಖರವಾದದ್ದು ಎದುರಿಗೇ ಇರುವಾಗ ಬೇರೆ ಗುರುತು ಯಾಕೆ ಬೇಕು? ಇದು ಒಂದೇ ಚುಕ್ಕೆ ಎಂದು ಲೆಕ್ಕಕ್ಕೆ ಮೊದಲೇ ಹೇಳಿ, ಅದಕ್ಕೆ ತಕ್ಕಂತೆ ಮೂವತ್ತು ಆಂಟೆನಾಗಳನ್ನೂ ಹೊಂದಿಸಿದ್ದರು.

ದುಂಬ್ರೆ ಕುರ್ಚಿ ಎಳೆದುಕೊಂಡು ಕೂತರು.

“ತಾಈ, ‘ನೀ ಒಬ್ಬಂಟಿ ಇದ್ದೀ’ ಅಂತ ನೀವ ಮೊದ್ಲ ಅದಕ್ಕ ಹೇಳಿ ಬಿಟ್ಟೀರಿ. ಆಮ್ಯಾಲ ‘ನಿನ್ನ ಜೋಡಿ ಯಾರರ ಅದಾರೇನು’ ಅಂತ ಕೇಳಿದ್ರ, ಅದು ಪಾಪ ಏನ್ ಹೇಳ್ತದ?”

ಪಕ್ಕದಲ್ಲಿ ದೊಡ್ಡದೇನಾದರೂ ಇದ್ದರೆ ಹೀಗೆ ಅಳಿಸಿಹೋಗುವುದಿಲ್ಲ; ಮಸುಕಾದದ್ದು ಬಹುಮಟ್ಟಿಗೆ ಹೋಗಿಬಿಡುತ್ತದೆ. ಹುಡುಕುತ್ತಿದ್ದುದು ಮಸುಕಾದದ್ದನ್ನೇ. ಅದೃಷ್ಟಕ್ಕೆ ನಡುನಡುವೆ ನೋಡಿದ್ದ ಆ ಇನ್ನೊಂದು ಗುರುತಿನ ಅಳತೆಗಳು ಇದ್ದವು. ಈ ಸಲ ಅವನ್ನು ಹಿಡಿದು, ಕ್ವೇಸಾರಿನ ಬಗ್ಗೆ ಏನೂ ಊಹಿಸದೆ, ಮೊದಲಿನಿಂದ ಲೆಕ್ಕ ಮಾಡಬೇಕು. ಪಾಳಿ ಮುಗಿದ ಮೇಲೆ ತಾಈ ಕೂರುತ್ತಿದ್ದರು. ದುಂಬ್ರೆ ಆಗಾಗ ಬಂದು ಹಿಂದೆ ನಿಂತು, ಅಲ್ಲಲ್ಲ, ಹಂಗಲ್ಲ ಎನ್ನುತ್ತಿದ್ದರು.

ಎರಡನೆಯ ನಕ್ಷೆ ಮೊದಲಿನಷ್ಟು ಚೊಕ್ಕವಾಗಿರಲಿಲ್ಲ. ಹಿನ್ನೆಲೆಯೆಲ್ಲ ತರಿತರಿ. ಚುಕ್ಕೆಯ ಎಡಕ್ಕೆ, ಸ್ವಲ್ಪ ದೂರದಲ್ಲಿ, ಬಟ್ಟೆಯ ಮೇಲೆ ತೊಳೆದರೂ ಉಳಿದ ಕಲೆಯಂಥದ್ದು ಒಂದಿತ್ತು. ದುಂಬ್ರೆ ನಂಬಲಿಲ್ಲ. ಆ ಮಧ್ಯಾಹ್ನವನ್ನು ಎರಡು ಭಾಗ ಮಾಡಿ ಬೇರೆ ಬೇರೆ ನಕ್ಷೆ ತೆಗೆಸಿದರು. ಎರಡರಲ್ಲೂ ಕಲೆ ಅದೇ ಜಾಗದಲ್ಲಿತ್ತು. ನಮ್ಮ ಗೆಲಾಕ್ಸಿಗಿಂತ ಅಗಲವಾದ ಮೋಡ. ಬಲಬದಿಗೆ ಏನೂ ಇರಲಿಲ್ಲ.

“ಎಷ್ಟ ಹಳೇದ ಇರಬಹುದ್ರಿ?”

ಅದರಿಂದ ಅಲೆ ಹೊರಡುವಾಗಲೇ ಅದಕ್ಕೆ ಕೆಲವು ಕೋಟಿ ವರ್ಷ ಆಗಿರಬೇಕು ಎಂದು ದುಂಬ್ರೆ ಹೇಳಿದರು.

“ಬಿಟ್ಟು ಹೋಗಿ ಅಷ್ಟ ಕಾಲ ಆದ್ರೂ ಆರಿಲ್ಲ,” ಎಂದರು ತಾಈ. ಪರದೆಯ ಮೇಲೆ ಆ ಕಲೆಯಿದ್ದ ಜಾಗದ ಹತ್ತಿರ ಬೆರಳು ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದರು.

ದುಂಬ್ರೆ ಪ್ರಾಮಾಣಿಕರು. ಪಟ್ಟಿಯಿಂದ ತೆಗೆಯಲು ಬರೆದ ಟಿಪ್ಪಣಿಯಲ್ಲಿ ಮೊದಲು ಒಂದೇ ಕಾರಣವಿತ್ತು, ಪ್ರಖರತೆ ಬದಲಾಗುತ್ತದೆ ಎಂದು. ಈಗ ಎರಡನೆಯದೂ ಸೇರಿತು: ಇದು ಒಂದೇ ಚುಕ್ಕೆಯಲ್ಲ. ಕೆಳಗೆ ತಾಈಯ ನಕ್ಷೆ, ಅವರ ಹೆಸರು. ಇಬ್ಬರೂ ಸೇರಿ ನಾಲ್ಕು ಪುಟದ ಲೇಖನವನ್ನೂ ಬರೆದರು, ಸಗುಣಾ ಸಾವರಗಾಂವ್ಕರ್ ಎಂಬ ಹೆಸರು ಮೊದಲು ಬಂತು. ಯಾರೋ ಇಬ್ಬರು ಓದಿ ಪತ್ರ ಬರೆದಿದ್ದರು.

ಪಟ್ಟಿ ಬದಲಿಸುವುದು ಆಪರೇಟರ ಕೆಲಸ. ಆ ಬೆಳಿಗ್ಗೆ ಪಾಳಿ ತಾಈಯದೇ ಇತ್ತು. ನಾನು ಮಾಡಲೇ ಎಂದು ಔಟೆ ಕೇಳಿದ, ತಮಾಷೆ ಮಾಡದೆ. ಬೇಡವೆಂದು ತಾಈ ತಾವೇ ಕ್ವೇಸಾರಿನ ಸಾಲನ್ನು ಅಳಿಸಿ, ಹೊಸ ಗುರುತಿನ ಅಂಕಿಗಳನ್ನು ಅದರ ಜಾಗದಲ್ಲಿ ಹಾಕಿದರು. ಇನ್ನಷ್ಟು ಹೊತ್ತು ನೋಡಿದರೆ ಬಲಬದಿಯ ಮೋಡವೂ ಕಾಣಬಹುದೆಂದು ಇನ್ನೊಂದು ಅರ್ಜಿ ಹಾಕಿದ್ದರು. ಈಗಾಗಲೇ ನೋಡಿಯಾಗಿದೆ, ಕಾಯುವವರು ಬಹಳ ಮಂದಿ ಇದ್ದಾರೆ ಎಂದು ಉತ್ತರ ಬಂತು. ಉತ್ತರ ನ್ಯಾಯವಾಗಿಯೇ ಇತ್ತು. ಓದಿ ಮಡಿಸಿ ಪಾಳಿಗೆ ಕೂತರು.

ಈಗ ಆಂಟೆನಾಗಳು ಅರ್ಧ ಗಂಟೆಗೊಮ್ಮೆ ಬೇರೆ ಕಡೆ ತಿರುಗುತ್ತವೆ. ಮೊದಲ ದಿನ ಪಾಳಿ ಬಿಡಿಸಿಕೊಳ್ಳಲು ಬಂದ ಔಟೆ, ಹೊಸ ಗುರುತು ಹೇಗಿದೆ ಎಂದು ತಾಈಯನ್ನು ಕೇಳಿದ.

“ಒಬ್ಬಂಟಿ ಅಂತಾರ,” ಎಂದರು ತಾಈ, ಚಪ್ಪಲಿ ಮೆಟ್ಟಿಕೊಳ್ಳುತ್ತ. “ಅದನ್ನ ಇನ್ನೂ ಯಾರೂ ಕೇಳಿಲ್ಲ.”