ಕಳಿಸಿಕೊಡುವ ಶೇಷಣ್ಣ

ಶೇಷಣ್ಣ ಯಾರನ್ನು ರೈಲು ಹತ್ತಿಸಲು ಬಂದರೂ ಮೊದಲು ಅವರನ್ನು ಪಬ್ಬಿಗೆ ಕರೆದುಕೊಂಡು ಹೋಗುತ್ತಿದ್ದರು. ಹೊರಟವರು ಗಂಡಸರೋ ಹೆಂಗಸರೋ, ಮಡಿ ಮಾಡುವವರೋ ಅಲ್ಲವೋ ಎಂದೆಲ್ಲ ನೋಡುತ್ತಿರಲಿಲ್ಲ. ನವದೆಹಲಿ ಸ್ಟೇಷನ್ನಿನ ಪಹಾಡ್‌ಗಂಜ್ ಕಡೆಯ ಗೇಟಿನಿಂದ ಹೊರಬಂದು, ರಿಕ್ಷಾದವರನ್ನೂ ಕೂಲಿಗಳನ್ನೂ ತಪ್ಪಿಸಿಕೊಂಡು ರಸ್ತೆ ದಾಟಿದರೆ ಒಂದು ಇಕ್ಕಟ್ಟಾದ ಮೆಟ್ಟಿಲು. ಮೇಲೆ ಹಗಲಲ್ಲೂ ಮಬ್ಬುಗತ್ತಲೆಯ ಒಂದು ಪಬ್ಬು. ಅದರ ಕಿಟಕಿ ಪಕ್ಕದ ದೊಡ್ಡ ಟೇಬಲ್ಲು ನಮಗೆಲ್ಲ ವೇಟಿಂಗ್ ರೂಮು.

"ಸ್ಟೇಷನ್ನಲ್ಲಿ ನಿಂತ್ಕೊಳ್ಳೋಕೂ ಜಾಗ ಇಲ್ಲ ಕಣಮ್ಮ. ಇಲ್ಲಿ ಏಸಿ ಇದೆ, ಬಾತ್‌ರೂಮ್ ಕ್ಲೀನಾಗಿದೆ, ಕುರ್ಚಿಗೆ ಕಾಲು ನಾಲ್ಕೂ ಇದೆ. ಪಬ್ಬಾದ್ರೇನು, ಮಠವಾದ್ರೇನು?" ಎನ್ನುತ್ತಿದ್ದರು. ಹೀಗೆ ಹೇಳುವಾಗ ಅವರ ಕೈ ಆಗಲೇ ಬಟ್ಟೆ ಚೀಲದೊಳಗೆ ಹೋಗಿ ಮೊಸರನ್ನದ ಡಬ್ಬಿ ಹುಡುಕುತ್ತಿರುತ್ತಿತ್ತು.

ಶೇಷಣ್ಣ ಯಾವುದೋ ಕೇಂದ್ರ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರಾಗಿದ್ದು ನಿವೃತ್ತರಾದವರು. ರೋಹಿಣಿಯಲ್ಲಿ ಫ್ಲ್ಯಾಟು. ಹೆಂಡತಿ ತೀರಿಕೊಂಡಿದ್ದರು, ಮಗಳು ಮೇಘಾ ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಊರು ಅರಸೀಕೆರೆ ಎಂದು ಹೇಳುತ್ತಿದ್ದರೇ ಹೊರತು ಊರಿಗೆ ಹೋಗುತ್ತಿದ್ದುದು ಅಪರೂಪ. ಹೋಗುವ ಬೇರೆಯವರನ್ನು ಮಾತ್ರ ಬಿಡುತ್ತಿರಲಿಲ್ಲ. ದ್ವಾರಕಾದಲ್ಲಿರುವ ನಾವು ಟಿಕೆಟ್ ತೆಗೆಸಿದ ಸುದ್ದಿ ಅವರಿಗೆ ಅದು ಹೇಗೆ ತಲುಪುತ್ತಿತ್ತೋ ಕಾಣೆ. "ವಿಜಯಾ, ಎಷ್ಟನೇ ತಾರೀಕು? ಮೂರು ಗಂಟೆ ಮುಂಚೆ ಬಂದ್ಬಿಡಿ. ಚಿತ್ರಾನ್ನ ತರ್ತೀನಿ" ಎಂದು ಫೋನು ಬಂದೇ ಬರುತ್ತಿತ್ತು. ಬೇಡಿ ಎಂದರೆ ಕೇಳುವ ಜಾತಿಯೇ ಅಲ್ಲ.

ಪಬ್ಬಿನ ರಾಜಿಂದರ್ ಭಯ್ಯಾ, ನಮ್ಮ ಯಜಮಾನರ ವಯಸ್ಸಿನ ವೇಟರು, ಮೊದಮೊದಲು "ಅಂಕಲ್ ಜೀ, ಬಾಹರ್ ಕಾ ಖಾನಾ ಅಲೌಡ್ ನಹೀಂ" ಎಂದು ಮುಖ ಗಂಟಿಕ್ಕುತ್ತಿದ್ದನಂತೆ. ಒಂದು ದಿನ ಶೇಷಣ್ಣ ಅವನ ಕೈಗೂ ಒಂದು ತಟ್ಟೆ ಚಿತ್ರಾನ್ನ ಕೊಟ್ಟರು. ಆಮೇಲೆ ಅವನೇ ಸ್ಪೂನು, ತಟ್ಟೆ ತಂದಿಟ್ಟು, ಮ್ಯಾನೇಜರ್ ಬರುತ್ತಾನೇನೋ ಎಂದು ಬಾಗಿಲ ಕಡೆ ನೋಡುತ್ತಾ ನಿಲ್ಲುತ್ತಿದ್ದ.

ನಮ್ಮಮ್ಮ ತುಮಕೂರಿಗೆ ವಾಪಸ್ಸು ಹೊರಟ ದಿನ ಅವರನ್ನೂ ಅಲ್ಲಿಗೇ ಹತ್ತಿಸಿದರು. ಅಮ್ಮ ಹೊರಗಡೆ ನೀರೂ ಕುಡಿಯುವವರಲ್ಲ. ಸೆರಗು ಹೊದ್ದು ಕೂತು, ಸುತ್ತ ನೊರೆ ತುಂಬಿದ ದೊಡ್ಡ ದೊಡ್ಡ ಗ್ಲಾಸು ಹಿಡಿದವರನ್ನು ಸಾವಕಾಶವಾಗಿ ನೋಡಿದರು.

"ಅಲ್ಲ ಶೇಷಣ್ಣ, ಈ ಚಳೀಲಿ ಎಲ್ರೂ ಕಬ್ಬಿನ ಹಾಲು ಕುಡೀತಾ ಇದಾರಲ್ಲ, ನೆಗಡಿ ಆಗಲ್ವೇ?"

ನಾನು ಮೇಜಿನ ಕೆಳಗೆ ಹೋಗಿಬಿಡಲೇ ಎಂದುಕೊಂಡೆ. ಶೇಷಣ್ಣನ ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಇಲ್ಲಿನ ಕಬ್ಬು ಸ್ವಲ್ಪ ಕಹಿ ಅಮ್ಮ. ನಮಗೆ ಒಗ್ಗಲ್ಲ. ನೀವು ಮೊಸರನ್ನ ತಗೊಳ್ಳಿ" ಎಂದರು. ಅಮ್ಮ ಕೊನೆಯವರೆಗೂ ದೆಹಲಿಯ ಕಹಿ ಕಬ್ಬಿನ ವಿಷಯವನ್ನು ನೆಂಟರಿಗೆಲ್ಲ ಹೇಳಿಕೊಂಡು ಓಡಾಡಿದರು.

ನಮ್ಮ ಮನೆಯವರದ್ದೇ ಇನ್ನೊಂದು ಕಥೆ ಇದೆ, ನೆನೆದರೆ ಈಗಲೂ ಮೈ ಉರಿಯುತ್ತದೆ. ಗೌರಿ ಹಬ್ಬಕ್ಕೆ ಊರಿಗೆ ಹೊರಟಿದ್ದೆವು. ರಜೆ ಸಿಗಬೇಕಾದರೆ ಸಾಕುಸಾಕಾಗಿತ್ತು. ಶೇಷಣ್ಣನ ಮಾತು ಕೇಳಿ ಮೂರು ಗಂಟೆ ಮುಂಚೆ ಪಬ್ಬು ಸೇರಿದೆವು. ಬಿಸಿಬೇಳೆ ಬಾತಿಗೆ ಆಲೂಗಡ್ಡೆ ಹಾಕಬಹುದೇ ಬಾರದೇ ಎಂದು ನಮ್ಮೆಜಮಾನರಿಗೂ ಶೇಷಣ್ಣನಿಗೂ ವಾದ ಹತ್ತಿಕೊಂಡಿತು. ನಾನು ಎದ್ದಾಗಲೆಲ್ಲ "ಕೂತ್ಕೋಮ್ಮ, ಬೇಕಾದಷ್ಟು ಟೈಮಿದೆ, ಸ್ಟೇಷನ್ ಇಲ್ಲೇ ಕಣ್ಣೆದುರಿಗೇ ಇದೆ" ಎನ್ನುವರು. ಕಣ್ಣೆದುರಿಗೆ ಇದ್ದದ್ದು ಸ್ಟೇಷನ್ನಿನ ಗೇಟು. ಪ್ಲಾಟ್‌ಫಾರಂ ಅಲ್ಲಿಂದ ಮೆಟ್ಟಿಲು ಹತ್ತಿ, ಸೇತುವೆ ದಾಟಿ, ಜನರೊಳಗೆ ನುಗ್ಗಿ ಆಮೇಲೆ. ನಾವು ಓಡೋಡಿ ತಲುಪುವಾಗ ಕೊನೇ ಡಬ್ಬಿಯ ಹಿಂದಿನ ಕೆಂಪು ದೀಪ ಕಾಣಿಸಿತು, ಅಷ್ಟೇ. ಮೂರು ಗಂಟೆ ಮುಂಚೆ ಬಂದು ರೈಲು ತಪ್ಪಿಸಿಕೊಳ್ಳುವವರು ಭೂಮಿಯ ಮೇಲೆ ನಮ್ಮನ್ನು ಬಿಟ್ಟು ಇನ್ಯಾರಿದ್ದಾರು!

ಒಂದು ವಾರ ಅವರ ಫೋನು ಎತ್ತಲಿಲ್ಲ. ಹಬ್ಬದ ದಿನ ರೋಹಿಣಿಯಿಂದ ಮೆಟ್ರೋ ಬದಲಿಸಿಕೊಂಡು ದ್ವಾರಕಾಕ್ಕೆ ಬಂದೇ ಬಿಟ್ಟರು, ಕೈಯಲ್ಲಿ ಕೋಡುಬಳೆ ಡಬ್ಬಿ. "ಬಯ್ಯೋದಿದ್ರೆ ಬೈದ್ಬಿಡಮ್ಮ. ಆದ್ರೂ ನೀವು ಹೋಗದೇ ಇದ್ದದ್ದು ನಂಗೆ ಎಷ್ಟು ಖುಷಿಯಾಗಿದೆ ಗೊತ್ತಾ?" ಎಂದರು. ಇಂಥ ಮನುಷ್ಯನ ಮೇಲೆ ಎಷ್ಟು ಹೊತ್ತು ಕೋಪ ಮಾಡಿಕೊಳ್ಳುವುದು?

ಅವರು ಕುಡಿಯುತ್ತಿದ್ದರೇ ಎಂದು ಕೇಳುವವರಿದ್ದಾರೆ. ಕುಡಿಯುತ್ತಿದ್ದರು. ರೈಲು ಹೊರಟ ಮೇಲೆ, ಒಬ್ಬರೇ ಮತ್ತೆ ಆ ಮೆಟ್ಟಿಲು ಹತ್ತಿ, ಒಂದೇ ಒಂದು ಬಿಯರು. "ಕಳಿಸಿದ ಮೇಲೆ ಹೊಟ್ಟೇಲಿ ಏನೋ ಖಾಲಿ ಆದಂಗೆ ಆಗತ್ತೆ ವಿಜಯಾ. ತಕ್ಷಣ ಮನೇಗೆ ಹೋಗೋಕೆ ಆಗಲ್ಲ" ಎಂದು ಒಮ್ಮೆ ತಾವಾಗಿಯೇ ಹೇಳಿದ್ದರು.

ಹೋದ ಎರಡು ಚಳಿಗಾಲದಲ್ಲಿ ಅವರ ಉಸಿರು ಕೆಟ್ಟಿತು. ದೀಪಾವಳಿ ಕಳೆಯುತ್ತಿದ್ದಂತೆ ದೆಹಲಿಯ ಮೇಲೆ ಹೊಗೆ ಕೂರುತ್ತದಲ್ಲ, ಅದು ಅವರ ಎದೆಯೊಳಗೇ ಕೂತುಬಿಟ್ಟಿತು. ಎರಡು ಮಾತಿಗೊಮ್ಮೆ ಕೆಮ್ಮು. ಮೇಘಾ ಗಾಳಿ ಶುದ್ಧ ಮಾಡುವ ಯಂತ್ರ ತಂದಿಟ್ಟಳು. "ನಾನು ಬಾಯಿ ತೆಗೆದ್ರೆ ಆ ಡಬ್ಬಿ ಗುರ್ ಅನ್ನತ್ತೆ, ಥೇಟ್ ನಮ್ಮ ಜಾಯಿಂಟ್ ಸೆಕ್ರೆಟರಿ" ಎಂದು ಅದನ್ನು ಆರಿಸಿಬಿಡುತ್ತಿದ್ದರು. ಡಾಕ್ಟರು ಈ ಸಲ ಗಟ್ಟಿಯಾಗಿ ಹೇಳಿದರಂತೆ: ಈ ಊರು ಬಿಡಿ, ಇಲ್ಲದಿದ್ದರೆ ಚಳಿಗಾಲ ದಾಟುವುದು ಕಷ್ಟ. ವಿಮಾನವೂ ಈ ಎದೆಗೆ ಆಗದು, ರೈಲಲ್ಲೇ ಹೋಗಿ. ಅರಸೀಕೆರೆಯಲ್ಲಿ ತಂಗಿ ಮನೆಯಿತ್ತು. ಮೇಘಾ ಎರಡು ಟಿಕೆಟ್ ತೆಗೆಸಿದಳು.

ಶೇಷಣ್ಣ ನನಗೆ ಫೋನು ಮಾಡಿದರು. "ಅಲ್ಲಿ ಯಾರಮ್ಮ ಇದಾರೆ ನಂಗೆ? ಬೆಳಿಗ್ಗೆ ಎದ್ದು ಯಾರನ್ನ ಎಲ್ಲಿಗೆ ಕಳಿಸ್ಲಿ? ನೀನಾದ್ರೂ ಇವಳಿಗೆ ಹೇಳು."

ಏನು ಹೇಳಲಿ? ಇರಿ ಎಂದರೆ ಆ ಹೊಗೆಗೆ ನಾನು ಜವಾಬ್ದಾರಳೇ? ಹೋಗಿ ಎಂದರೆ ಅವರ ದನಿ ಕೇಳಲಾಗುತ್ತಿರಲಿಲ್ಲ. "ಸ್ವಲ್ಪ ದಿನ ಅಷ್ಟೇ ಶೇಷಣ್ಣ, ಬೇಸಿಗೆಗೆ ಬಂದ್ಬಿಡಿ" ಎಂದೆ. ಎಲ್ಲರೂ ಹೇಳುವುದನ್ನೇ ಹೇಳಿದೆ.

ಹೊರಡುವ ದಿನ ನಾನೂ ನಮ್ಮೆಜಮಾನರೂ ಮೂರು ಗಂಟೆ ಮುಂಚೆಯೇ ಪಬ್ಬಿಗೆ ಹೋದೆವು. ಚಿತ್ರಾನ್ನ ನಾನೇ ಮಾಡಿದ್ದೆ. ಕಿಟಕಿಯಾಚೆ ಸ್ಟೇಷನ್ನಿನ ಗೇಟೂ ಕಾಣದಷ್ಟು ಮಂಜು, ಹೊಗೆ. ಶೇಷಣ್ಣ ಮೊದಲ ಬಾರಿಗೆ ಕಿಟಕಿಗೆ ಬೆನ್ನು ಹಾಕಿ ಕೂತರು. ತಟ್ಟೆಯನ್ನು ಮುಟ್ಟಲಿಲ್ಲ. ನಮ್ಮೆಜಮಾನರು ಪಾಪ, ಬಿಸಿಬೇಳೆ ಬಾತಿನ ಆಲೂಗಡ್ಡೆಯ ಮಾತು ತೆಗೆದು ನೋಡಿದರು. "ಹಾಕ್ಕೊಳ್ಳಿ ಬಿಡಿ" ಎಂದುಬಿಟ್ಟರು ಶೇಷಣ್ಣ. ಅವರು ಅಷ್ಟು ಸುಲಭಕ್ಕೆ ಸೋತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮೇಘಾ ಮೊಬೈಲು ನೋಡುತ್ತಲೇ ಇದ್ದಳು. ರೈಲು ಎರಡು ಗಂಟೆ ತಡ. ಆಮೇಲೆ ನಾಲ್ಕು. "ಅಪ್ಪಾ, ಸ್ವಲ್ಪ ತಿನ್ನು ಯಾರ್, ಜಿದ್ ಮಾಡ್ಬೇಡ" ಎಂದು ಗೋಗರೆದಳು. ಅವರು ಮಾಸ್ಕಿನೊಳಗೇ ಇಲ್ಲವೆಂದು ತಲೆಯಾಡಿಸಿದರು. ಸಂಜೆ ಹೊತ್ತಿಗೆ ಅವಳ ಮೊಬೈಲು ಟಿಂಗ್ ಎಂದಿತು. ಓದಿ ಅದನ್ನು ಮೇಜಿನ ಮೇಲೆ ಮಗುಚಿಟ್ಟಳು.

"ಕ್ಯಾನ್ಸಲ್ ಆಯ್ತು. ಮಂಜಂತೆ."

ಶೇಷಣ್ಣ ಮಾಸ್ಕು ಇಳಿಸಿದರು. ಆ ಮುಖವನ್ನು ನಾನೇನೆಂದು ಹೇಳಲಿ! ಶಾಲೆಗೆ ರಜಾ ಎಂದಾಗಿನ ಮಕ್ಕಳ ಮುಖ. "ಹಾಗಾದ್ರೆ ಮನೇಗೇನೇ?" ಎಂದರು, ಎಲ್ಲಿ ಮಾತು ಬದಲಿಸುತ್ತೇವೋ ಎಂಬಂತೆ. ಮೇಘಾ ನಕ್ಕು, ಕಣ್ಣೊರೆಸಿಕೊಂಡು, "ಚಲೋ, ಮನೇಗೇನೇ" ಎಂದಳು. ಶೇಷಣ್ಣ ಚಿತ್ರಾನ್ನದ ತಟ್ಟೆ ಎಳೆದುಕೊಂಡು ಗಬಗಬನೆ ತಿಂದರು. "ಉಪ್ಪು ಕಮ್ಮಿ ಕಣಮ್ಮ" ಎಂದೂ ಹೇಳಿದರು. ರಾಜಿಂದರ್ ಭಯ್ಯಾ "ಅಚ್ಛಾ ಹುವಾ ಅಂಕಲ್ ಜೀ" ಎಂದು ಯಾರೂ ಕೇಳದಿದ್ದರೂ ಒಂದು ತಟ್ಟೆ ಮಸಾಲೆ ಕಡಲೆಬೀಜ ತಂದಿಟ್ಟ. ನಾವೆಲ್ಲ ಮದುವೆ ಮನೆಯವರ ಹಾಗೆ ನಗುತ್ತಿದ್ದೆವು.

ಮೆಟ್ಟಿಲು ಇಳಿಯುವಾಗ ಅವರು ಮತ್ತೆ ಮತ್ತೆ ನಿಂತರು. ಕೆಳಗೆ ರಸ್ತೆಯ ಗಾಳಿ ಟಯರು ಸುಟ್ಟ ವಾಸನೆ ಹೊಡೆಯುತ್ತಿತ್ತು. ನಮ್ಮೆಜಮಾನರ ಭುಜ ಹಿಡಿದು ಏದುಸಿರು ಬಿಡುತ್ತಲೇ, ಮುಂದಿನ ವಾರದ ಟಿಕೆಟ್ಟಿಗೆ ಏನೂ ಅವಸರವಿಲ್ಲವೆಂದು ಮಗಳಿಗೆ ತಿಳಿಹೇಳುತ್ತಿದ್ದರು. ಅವಳು ಟ್ಯಾಕ್ಸಿಯಲ್ಲೇ ಮುಂದಿನ ವಾರಕ್ಕೆ ತೆಗೆಸಿದಳು. ಟ್ಯಾಕ್ಸಿಯ ಕಿಟಕಿಯಿಂದ ಅವರು ನನಗೆ ಕೈ ಬೀಸಿದರು. ಅವರು ನನ್ನನ್ನು ನೋಡಿದ್ದು ಅದೇ ಕೊನೆ.

ಮೂರನೆಯ ದಿನ ಉಸಿರು ಸಿಗಲಿಲ್ಲ. ಆಸ್ಪತ್ರೆಯಲ್ಲಿ ಯಂತ್ರಕ್ಕೆ ಹಾಕಿದರು. ಗಾಜಿನಾಚೆಯಿಂದ ನೋಡುವುದು ಬಿಟ್ಟು ನಾವು ಮಾಡುವಂಥದ್ದು ಏನೂ ಇರಲಿಲ್ಲ. ಆ ಟಿಕೆಟ್ಟಿನ ಹಿಂದಿನ ದಿನವೇ ಹೋಗಿಬಿಟ್ಟರು.

ಮಾರನೆಯ ಮಧ್ಯಾಹ್ನ ರೋಹಿಣಿಯ ಮನೆಯಲ್ಲಿ ಬಂದವರೆಲ್ಲ ಎದ್ದು ಹೋಗಿ, ನಾನೂ ಮೇಘಾಳೂ ಇಬ್ಬರೇ ಉಳಿದಿದ್ದೆವು. ಅವರ ಸೂಟ್‌ಕೇಸು ಬಿಚ್ಚದೆ ಹಾಗೇ ಗೋಡೆಗೆ ಒರಗಿತ್ತು. ಅವಳ ಮೊಬೈಲು ಟಿಂಗ್ ಎಂದಿತು. ನೋಡಿ, ನನ್ನ ಕೈಗೆ ಕೊಟ್ಟಳು. ಅವರಿಬ್ಬರ ರೈಲು ಇವತ್ತು ಸರಿಯಾದ ಸಮಯಕ್ಕೆ ಹೊರಡುತ್ತದೆ ಎಂದಿತ್ತು.

"ಆಂಟಿ, ಅವತ್ತು ಕ್ಯಾನ್ಸಲ್ ಅಂದಾಗ ನಂಗೆ ಖುಷಿ ಆಯ್ತು. ಸಚ್ ಮೇ. ಇನ್ನೊಂದು ವಾರ ಅಪ್ಪ ಮನೇಲೇ ಇರ್ತಾನೆ ಅಂತ."

"ನಂಗೂ ಆಯ್ತು ಕಣೆ" ಎಂದೆ.